ಬಂದೂಕು ಹಿಡಿಯದವರು ಯುದ್ಧ ನಡೆಸಬಹುದೇ?

ಯುದ್ಧದ ಸುದ್ದಿ ಬಂದಾಗಲೆಲ್ಲ ಹೋಟೆಲಿನಲ್ಲಿ, ಬಸ್ಸಿನಲ್ಲಿ ಒಂದು ಮಾತು ನಮ್ಮ ಕಿವಿಗೆ ಬೀಳುತ್ತದೆ: 'ಬಂದೂಕು ಹಿಡಿದು ಗೊತ್ತಿಲ್ಲದ ರಾಜಕಾರಣಿಗೆ ಯುದ್ಧದ ಬಗ್ಗೆ ಏನು ಗೊತ್ತು?' ಮೇಲುನೋಟಕ್ಕೆ ಇದು ನ್ಯಾಯವಾದ ಮಾತೇ. ಪಟ್ಟವರಿಗಲ್ಲವೇ ಪಾಡು ಗೊತ್ತಿರುವುದು? ಆದರೆ ಇತಿಹಾಸ ಈ ಮಾತನ್ನು ಒಪ್ಪುತ್ತದೆಯೇ?

ಅಮೆರಿಕದ ವಿದ್ವಾಂಸ ಎಲಿಯಟ್ ಕೋಹೆನ್ 2002ರಲ್ಲಿ ಹೊರತಂದ 'ಸುಪ್ರೀಮ್ ಕಮಾಂಡ್' ಈ ಪ್ರಶ್ನೆಗೆ ತೀರ ಹತ್ತಿರದ ಪುಸ್ತಕ. ಲಿಂಕನ್, ಕ್ಲೆಮೆನ್ಸೊ, ಚರ್ಚಿಲ್, ಬೆನ್ ಗುರಿಯನ್ ಎಂಬ ನಾಲ್ವರು ನಾಯಕರನ್ನು ಅದು ಪರಿಶೀಲಿಸುತ್ತದೆ. ಯುದ್ಧವನ್ನು ಸೇನಾಪತಿಗಳಿಗೆ ಒಪ್ಪಿಸಿ ನಾಯಕ ಕೈಕಟ್ಟಿ ಕೂರಬಾರದು. ಪ್ರಶ್ನಿಸಬೇಕು, ಕೆದಕಬೇಕು, ಕೊನೆಯ ಮಾತು ಅವನದೇ ಆಗಿರಬೇಕು ಎಂಬುದು ಕೋಹೆನ್ ಅವರ ವಾದ.

ಇದಕ್ಕೆ ಬಲವಾದ ಪುರಾವೆ ಲಿಂಕನ್. 1832ರಲ್ಲಿ ಕೆಲವು ವಾರ ಸ್ವಯಂಸೇವಕರ ಪಡೆಯಲ್ಲಿದ್ದುದೇ ಅವರ ಸೈನಿಕ ಅನುಭವ. ಆಗ ತಾನು ಕಾದಾಡಿದ್ದು ಸೊಳ್ಳೆಗಳೊಡನೆ ಎಂದು ಅವರೇ ಮುಂದೆ ನಗೆಯಾಡಿದ್ದುಂಟು. ಎದುರಾಳಿ ಜೆಫರ್ಸನ್ ಡೇವಿಸ್ ಆದರೋ ವೆಸ್ಟ್ ಪಾಯಿಂಟ್ ಸೇನಾ ಶಾಲೆಯ ಪದವೀಧರ, ಮೆಕ್ಸಿಕೊ ಯುದ್ಧದ ವೀರ, ಅಮೆರಿಕದ ಮಾಜಿ ಯುದ್ಧ ಸಚಿವ. ಅರ್ಹತೆಯ ಪಟ್ಟಿ ನೋಡಿ ಪಣ ಕಟ್ಟಿದವರು ಸೋಲುತ್ತಿದ್ದರು. ಲಿಂಕನ್ ಗ್ರಂಥಾಲಯದಿಂದ ಯುದ್ಧಶಾಸ್ತ್ರದ ಪುಸ್ತಕ ತರಿಸಿ ಓದಿದರು, ಟೆಲಿಗ್ರಾಫ್ ಕಚೇರಿಯಲ್ಲಿ ಕುಳಿತು ರಣರಂಗದ ವರದಿಗಳಿಗೆ ಕಾದರು, ಗ್ರಾಂಟ್ ಸಿಗುವವರೆಗೂ ಸೇನಾಪತಿಗಳನ್ನು ಬದಲಾಯಿಸಿದರು. ತನಗೆ ಗೊತ್ತಿಲ್ಲ ಎಂಬ ಅರಿವೇ ಅವರನ್ನು ಕಲಿಯುವಂತೆ ಮಾಡಿತು.

ಇಷ್ಟರವರೆಗೆ ಕೋಹೆನ್ ಅವರ ಮಾತನ್ನು ನಾವು ಒಪ್ಪುತ್ತೇವೆ. ನಮ್ಮ ತಕರಾರು ಇರುವುದು ಅವರ ಅಳತೆಗೋಲಿನ ಬಗ್ಗೆ. ಯುದ್ಧ ನಡೆಸುವ ಜಾಣ್ಮೆಯೊಂದೇ ನಾಯಕತ್ವದ ಅಳತೆಯಾದರೆ ಆ ಯುದ್ಧಕ್ಕೆ ಬೆಲೆ ತೆತ್ತವರು ಲೆಕ್ಕಕ್ಕೆ ಬರುವುದಿಲ್ಲ. ಚರ್ಚಿಲ್ ತರುಣ ಸೇನಾಧಿಕಾರಿಯಾಗಿ ನಮ್ಮ ಬೆಂಗಳೂರಿನ ದಂಡಿನಲ್ಲಿ ಇದ್ದವರು. ಅವರು ಹಿಟ್ಲರನನ್ನು ಎದುರಿಸಿ ನಿಂತದ್ದು ನಿಜ. ಅವರ ಆಳ್ವಿಕೆಯಲ್ಲೇ 1943ರಲ್ಲಿ ಬಂಗಾಳದ ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದೂ ನಿಜ. ಬೆನ್ ಗುರಿಯನ್ ಗೆದ್ದ 1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಫೆಲೆಸ್ತೀನಿಯರು ಮನೆಮಾರು ಕಳೆದುಕೊಂಡರು.

ಪುಸ್ತಕ ಬಂದ ಮರುವರ್ಷವೇ ಇರಾಕ್ ಯುದ್ಧ ಅದನ್ನು ಪರೀಕ್ಷೆಗೆ ಒಡ್ಡಿತು. 2003ರ ಫೆಬ್ರವರಿಯಲ್ಲಿ ಸೇನಾ ಮುಖ್ಯಸ್ಥ ಜನರಲ್ ಶಿನ್ಸೆಕಿ, ಯುದ್ಧಾನಂತರ ಇರಾಕಿನಲ್ಲಿ ಹಲವು ಲಕ್ಷ ಸೈನಿಕರು ಬೇಕಾದೀತು ಎಂದರು. ವಿಯೆಟ್ನಾಮಿನಲ್ಲಿ ಕಾಲಿಗೆ ಗಾಯ ಮಾಡಿಕೊಂಡು ಬಂದವರು ಅವರು. ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಮತ್ತವರ ಸಹಾಯಕರು ಆ ಮಾತನ್ನು ತಳ್ಳಿಹಾಕಿದರು. ರಮ್ಸ್‌ಫೆಲ್ಡ್ ನೌಕಾಪಡೆಯ ಮಾಜಿ ಪೈಲಟ್. ವಿಯೆಟ್ನಾಂ ಯುದ್ಧ ಕಾಲದಲ್ಲಿ ಐದು ಬಾರಿ ವಿನಾಯಿತಿ ಪಡೆದು ಮನೆಯಲ್ಲುಳಿದ ಚೇನಿ ಉಪಾಧ್ಯಕ್ಷ. ಇಲ್ಲದ ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಇವೆ ಎಂದು ವಿಶ್ವಸಂಸ್ಥೆಯಲ್ಲಿ ವಾದಿಸಿದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ನಾಲ್ಕು ನಕ್ಷತ್ರದ ನಿವೃತ್ತ ಜನರಲ್. ಸಮವಸ್ತ್ರ ತೊಟ್ಟವರೂ ತೊಡದವರೂ ಒಂದೇ ತಪ್ಪಿನಲ್ಲಿ ಪಾಲುದಾರರಾದರು. ಯುದ್ಧವನ್ನು ಬೆಂಬಲಿಸಿದ್ದ ಕೋಹೆನ್, 2005ರಲ್ಲಿ ತಮ್ಮ ಮಗನೇ ಸೇನಾಧಿಕಾರಿಯಾಗಿ ಇರಾಕಿಗೆ ಹೊರಡಲಿದ್ದಾಗ, ಅದನ್ನು ನಡೆಸಿದವರ ಅಸಮರ್ಥತೆಯ ಬಗ್ಗೆ ನೋವಿನಿಂದ ಪತ್ರಿಕೆಗೆ ಬರೆದರು. ಆ ಪ್ರಾಮಾಣಿಕತೆಯನ್ನು ಗೌರವಿಸೋಣ. ಆದರೆ ಬಗ್ದಾದಿನ ತಂದೆಯರ ನೋವಿಗೆ ಅಷ್ಟು ಜಾಗ ಕೊಟ್ಟ ಪತ್ರಿಕೆಗಳೆಷ್ಟು?

ಕೋಹೆನ್ ಆರಿಸಿದ ನಾಲ್ವರಲ್ಲಿ ನಮ್ಮ ಉಪಖಂಡದವರಿಲ್ಲ. ಇದ್ದಿದ್ದರೆ ಪಾಠ ಇನ್ನೂ ಸ್ಪಷ್ಟವಾಗುತ್ತಿತ್ತು. 1965ರಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಫೀಲ್ಡ್ ಮಾರ್ಷಲ್; ಎದುರಿಗಿದ್ದವರು ಸೈನ್ಯದ ಮೆಟ್ಟಿಲು ಹತ್ತದ ಲಾಲ್ ಬಹಾದ್ದೂರ್ ಶಾಸ್ತ್ರಿ. ಎಣಿಸಿದ್ದನ್ನು ಸಾಧಿಸಲು ಅಯೂಬರಿಗೆ ಆಗಲಿಲ್ಲ. 1971ರಲ್ಲಿ ಅಧ್ಯಕ್ಷ ಯಾಹ್ಯಾ ಖಾನ್ ಜನರಲ್. ಪೂರ್ವ ಬಂಗಾಳದ ಜನ ಮತಪೆಟ್ಟಿಗೆಯಲ್ಲಿ ಹೇಳಿದ್ದನ್ನು ಕೇಳುವ ಬದಲು ಅವರ ಮೇಲೆ ಸೈನ್ಯ ಬಿಟ್ಟರು, ದೇಶವೇ ಒಡೆಯಿತು. ಇತ್ತ ಇಂದಿರಾ ಗಾಂಧಿ, ಮಾಣೆಕ್‌ಶಾ ಹೇಳಿಕೊಂಡಿರುವಂತೆ, ಸಿದ್ಧತೆಗೆ ಸಮಯ ಬೇಕೆಂಬ ಅವರ ಮಾತು ಕೇಳಿ ಕಾದರು.

ಹಾಗೆಂದು ಬಂದೂಕು ಹಿಡಿಯದಿರುವುದೇ ಅರ್ಹತೆಯೂ ಅಲ್ಲ. 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ತಿಮ್ಮಯ್ಯ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ವಿರಸದಿಂದ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ಓಗೊಟ್ಟು ಹಿಂದೆಗೆದುಕೊಂಡರು. ಸೇನೆ ಮತ್ತು ಸರಕಾರದ ನಡುವೆ ನಂಬಿಕೆ ಬಿರುಕುಬಿಟ್ಟದ್ದಕ್ಕೆ ಮೂರು ವರ್ಷಗಳ ಬಳಿಕ ಹಿಮಾಲಯದ ಚಳಿಯಲ್ಲಿ ಸಾಮಾನ್ಯ ಜವಾನರು ಬೆಲೆ ತೆತ್ತರು.

ಆದ್ದರಿಂದ ನಾಯಕ ಸೈನ್ಯದಲ್ಲಿದ್ದನೇ ಎಂಬುದು ನಮ್ಮ ಮೊದಲ ಪ್ರಶ್ನೆಯಾಗಬೇಕಿಲ್ಲ. ಅಹಿತವಾದ ಸತ್ಯ ಹೇಳುವವರನ್ನು ಅವನು ಹತ್ತಿರ ಇಟ್ಟುಕೊಳ್ಳುತ್ತಾನೆಯೇ? ತಪ್ಪಾದಾಗ ಜನರ ಮುಂದೆ ಲೆಕ್ಕ ಒಪ್ಪಿಸುತ್ತಾನೆಯೇ? ಗಡಿಯ ಆಚೆಗಿನ ತಾಯಂದಿರೂ ಅವನ ಲೆಕ್ಕದಲ್ಲಿದ್ದಾರೆಯೇ? ಈ ಪ್ರಶ್ನೆಗಳನ್ನು ಯುದ್ಧ ಶುರುವಾದ ಮೇಲೆ ಕೇಳಿದರೆ ದೇಶದ್ರೋಹಿ ಎಂಬ ಹಣೆಪಟ್ಟಿ ಸಿಗಬಹುದು. ಕೇಳಬೇಕಾದ ಕಾಲ ಅದಕ್ಕೆ ಮುಂಚಿನದು, ಮತ ಹಾಕುವ ಹೊತ್ತಿನದು.