ಗೆಲ್ಲುವ ಕುದುರೆ ಮತ್ತು ಊರಿನ ಮಾನ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಯಾವುದೇ ಹಳ್ಳಿಯ ಜಗಲಿಯಲ್ಲಿ ಕುಳಿತು ಚುನಾವಣೆಯ ಮಾತು ತೆಗೆಯಿರಿ. ‘ಯಾರು ಗೆಲ್ತಾರೆ’ ಎಂಬುದಕ್ಕಿಂತ ಮೊದಲು ಕೇಳಿಬರುವುದು ‘ಟಿಕೆಟ್ ಯಾರಿಗಂತೆ’ ಎಂಬ ಪ್ರಶ್ನೆ. ಆ ‘ಅಂತೆ’ಯಲ್ಲೇ ನಮ್ಮ ಪ್ರಜಾಪ್ರಭುತ್ವದ ಅರ್ಧ ಕತೆ ಇದೆ. ಟಿಕೆಟ್ ತೀರ್ಮಾನವಾಗುವ ಕೋಣೆಯಲ್ಲಿ ಆ ಜಗಲಿಯವರು ಯಾರೂ ಇರುವುದಿಲ್ಲ. ಬಾಗಿಲ ಹೊರಗೆ ಬರುವುದು ಒಂದೇ ಸಮಜಾಯಿಷಿ: ಗೆಲ್ಲುವ ಕುದುರೆಗೆ ಕೊಟ್ಟಿದ್ದೇವೆ.

ಈ ಗೆಲ್ಲುವ ಕುದುರೆ ಎಂಬುದು ಏನು? ಲೆಕ್ಕಾಚಾರದ ಮಾತಿನಂತೆ ಕೇಳಿಸುತ್ತದೆ. ಜಾತಿ ಇಷ್ಟು, ಹಣ ಇಷ್ಟು, ಮನೆತನದ ಹೆಸರು ಇಷ್ಟು, ಕೂಡಿಸಿ ನೋಡಿ ಎಂಬಂತೆ. ವಾಸ್ತವದಲ್ಲಿ ಅದು ಲೆಕ್ಕವಲ್ಲ, ಭಯ. ಸಮಾಜ ಯಾರನ್ನು ಮುಂದೆ ಕೂರಿಸಲು ಹಿಂದೆಗೆಯುತ್ತದೆಯೋ ಅವರನ್ನು ಪಕ್ಷ ‘ಗೆಲ್ಲುವುದಿಲ್ಲ’ ಎಂದು ಮೊದಲೇ ಬದಿಗೆ ಸರಿಸುತ್ತದೆ. ಹಾಸನದ ಸೀಮೆಯಲ್ಲಿ 2023 ಮತ್ತು 2024ರಲ್ಲಿ ನಡೆದ ಎರಡು ಚುನಾವಣೆಗಳು ಇದನ್ನು ಬೆಳಕಿಗೆ ತಂದಷ್ಟು ಇನ್ನಾವುದೂ ತಂದಿಲ್ಲವೆಂದು ನಮಗನಿಸುತ್ತದೆ.

2023ರ ಜನವರಿಯಲ್ಲಿ ಭವಾನಿ ರೇವಣ್ಣ ಹಾಸನ ವಿಧಾನಸಭಾ ಕ್ಷೇತ್ರಕ್ಕೆ ತಾವೇ ಜಾತ್ಯತೀತ ಜನತಾದಳದ ಅಭ್ಯರ್ಥಿ ಎಂದರು. ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿ ಕೆಲಸ ಮಾಡಿದ್ದವರು. ಮೈದುನ ಕುಮಾರಸ್ವಾಮಿ ಒಪ್ಪಲಿಲ್ಲ. ಸಾಮಾನ್ಯ ಕಾರ್ಯಕರ್ತನಿಗೇ ಟಿಕೆಟ್ ಎಂದು ಹಟ ಹಿಡಿದರು. ಮೂರು ತಿಂಗಳು ಜಗ್ಗಾಡಿದ ಮೇಲೆ ಏಪ್ರಿಲ್‌ನಲ್ಲಿ ಸ್ವರೂಪ್ ಹೆಸರು ಬಂತು. ಅವರು ಬಿಜೆಪಿಯ ಪ್ರೀತಂ ಗೌಡರನ್ನು 7,854 ಮತಗಳಿಂದ ಸೋಲಿಸಿದರು. ಕುಟುಂಬ ರಾಜಕಾರಣಕ್ಕೆ ಪಕ್ಷದೊಳಗೇ ಪೆಟ್ಟು ಬಿತ್ತು ಎಂದು ಪತ್ರಿಕೆಗಳು ಬರೆದವು. ಸ್ವರೂಪ್ ಅವರ ಅರ್ಹತೆಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಈ ಸಾಮಾನ್ಯ ಕಾರ್ಯಕರ್ತ ನಾಲ್ಕು ಬಾರಿ ಅಲ್ಲಿಂದಲೇ ಶಾಸಕರಾಗಿದ್ದ ದಿವಂಗತ ಎಚ್.ಎಸ್. ಪ್ರಕಾಶ್ ಅವರ ಮಗ. ಅಷ್ಟಕ್ಕೂ ಕುಟುಂಬದ ಪ್ರಶ್ನೆ ಎದ್ದದ್ದು ಯಾವಾಗ? 2019ರಲ್ಲಿ ಮೊಮ್ಮಗ ಪ್ರಜ್ವಲ್‌ಗೆ ಹಾಸನವನ್ನೂ ಇನ್ನೊಬ್ಬ ಮೊಮ್ಮಗ ನಿಖಿಲ್‌ಗೆ ಮಂಡ್ಯವನ್ನೂ ಕೊಟ್ಟಾಗ ಮನೆಯೊಳಗೆ ಯಾರೂ ಇಷ್ಟು ಹಟ ಹಿಡಿದದ್ದು ಕಾಣಲಿಲ್ಲ. ಸೊಸೆ ಕೇಳಿದಾಗ ಮಾತ್ರ ತತ್ವ ನೆನಪಾಯಿತು.

ಅದೇ ವರ್ಷ ರಾಮನಗರದಲ್ಲಿ ಇನ್ನೊಂದು ನಡೆಯಿತು. ಅಲ್ಲಿ ಶಾಸಕಿಯಾಗಿದ್ದ ಅನಿತಾ ಕುಮಾರಸ್ವಾಮಿ ಮಗನಿಗಾಗಿ ಕ್ಷೇತ್ರ ಬಿಟ್ಟುಕೊಟ್ಟರು. ಒಕ್ಕಲಿಗರ ನಾಡು, ದೇವೇಗೌಡರ ಮೊಮ್ಮಗ, ಸಿನಿಮಾ ನಟ. ಇದಕ್ಕಿಂತ ಗೆಲ್ಲುವ ಕುದುರೆ ಎಲ್ಲಿ ಸಿಕ್ಕೀತು? ಎದುರಿಗೆ ನಿಂತವರು ಕಾಂಗ್ರೆಸ್ಸಿನ ಇಕ್ಬಾಲ್ ಹುಸೇನ್. 2018ರಲ್ಲಿ ಇದೇ ಕ್ಷೇತ್ರದಲ್ಲಿ ಕುಮಾರಸ್ವಾಮಿಯವರ ಎದುರು ಸೋತಿದ್ದವರು. ಅವರು ನಿಖಿಲ್‌ರನ್ನು 10,715 ಮತಗಳಿಂದ ಸೋಲಿಸಿದರು. ಪಟ್ಟಣದ ಮುಸ್ಲಿಮರ ಓಟು ಅವರಿಗೆ ನೆರವಾಯಿತು, ನಿಜ. ಆದರೆ ಅದೊಂದರಿಂದಲೇ ರಾಮನಗರ ಗೆಲ್ಲಲಾಗದು ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಮುಸ್ಲಿಮನಿಗೆ ಬೇರೆಯವರು ಓಟು ಹಾಕುವುದಿಲ್ಲ ಎಂದು ನಮ್ಮ ಪಕ್ಷಗಳು ಹೇಳುತ್ತ ಬಂದ ಮಾತನ್ನು ರಾಗಿ ಬೆಳೆಯುವ ರೈತರು ಸದ್ದಿಲ್ಲದೆ ಸುಳ್ಳಾಗಿಸಿದರು.

ಈ ಚರ್ಚೆ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿ ಯಾರೆಂದು ಮೊದಲು ಪಕ್ಷದ ಬೆಂಬಲಿಗರೇ ರಾಜ್ಯಗಳಲ್ಲಿ ಮತ ಹಾಕಿ ಆರಿಸುತ್ತಾರೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ಜಗಲಿಯವರಿಗೂ ಟಿಕೆಟ್ ಕೋಣೆಯಲ್ಲಿ ಜಾಗ ಕೊಟ್ಟ ಹಾಗೆ. 2007ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ ನ್ಯೂಯಾರ್ಕಿನ ಮಾಜಿ ಮೇಯರ್ ಜೂಲಿಯಾನಿ ಸಮೀಕ್ಷೆಗಳಲ್ಲಿ ಮುಂದಿದ್ದರು. ಮೂರು ಮದುವೆಯಾದವರು, ಗರ್ಭಪಾತದ ಹಕ್ಕನ್ನು ಒಪ್ಪುವವರು. ಡೆಮಾಕ್ರಟರನ್ನು ಸೋಲಿಸಬಲ್ಲವರು ಅವರೇ ಎಂದು ಕೆಲವರು. ಇಂಥವರನ್ನು ಗೆಲ್ಲಿಸಿ ಆಗುವುದೇನು ಎಂದು ಸಂಪ್ರದಾಯವಾದಿ ಕ್ರೈಸ್ತರು. 2008ರ ಜನವರಿ ಕೊನೆಯಲ್ಲಿ ಒಂದು ರಾಜ್ಯವನ್ನೂ ಗೆಲ್ಲದೆ ಅವರು ಕಣದಿಂದ ಹೊರಬಿದ್ದರು. ಆ ಸಂಪ್ರದಾಯವಾದಿಗಳ ನಿಲುವು ನಮಗೆ ಒಪ್ಪಿಗೆಯೋ ಅಲ್ಲವೋ ಬೇರೆ ಮಾತು. ಗೆಲುವಿಗಿಂತ ನಂಬಿಕೆ ದೊಡ್ಡದೆಂದು ಆಗ ಅವರು ತೋರಿಸಿದರು. ಎಂಟೇ ವರ್ಷ. 2016ರ ಅಕ್ಟೋಬರಿನಲ್ಲಿ, ಮತದಾನಕ್ಕೆ ಒಂದು ತಿಂಗಳಿರುವಾಗ, ಹೆಂಗಸರ ಮೈಮೇಲೆ ಕೈ ಹಾಕುವ ಬಗ್ಗೆ ಟ್ರಂಪ್ ಜಂಬ ಕೊಚ್ಚಿಕೊಂಡ ಧ್ವನಿಮುದ್ರಣ ಹೊರಬಂತು. ಅವರದ್ದೂ ಮೂರು ಮದುವೆ. ಆದರೂ ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಐವರಿಗೆ ನಾಲ್ವರು ಅವರಿಗೇ ಓಟು ಹಾಕಿದರು. ಗೆಲ್ಲುವ ಕುದುರೆ ಸಿಕ್ಕಿದ ಮೇಲೆ ಸದಾಚಾರದ ಪಾಠವನ್ನು ಮಡಚಿ ಅಟ್ಟಕ್ಕೆ ಹಾಕಿದರು.

ಹಾಸನದಲ್ಲಿ 2024ರಲ್ಲಿ ಆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರಜ್ವಲ್ ರೇವಣ್ಣ ಅವರ 2019ರ ಆಯ್ಕೆಯನ್ನೇ 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಅಸಿಂಧು ಎಂದಿತ್ತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅವರು ಸಂಸದರಾಗಿ ಉಳಿದರು. ಅವರಿಗೆ ಟಿಕೆಟ್ ಕೊಡಬೇಡಿ ಎಂದು ಹೊಳೆನರಸೀಪುರದ ಬಿಜೆಪಿ ಮುಖಂಡರೊಬ್ಬರು ಡಿಸೆಂಬರಿನಲ್ಲೇ ತಮ್ಮ ಪಕ್ಷದ ರಾಜ್ಯಾಧ್ಯಕ್ಷರಿಗೆ ಪತ್ರ ಬರೆದಿದ್ದ ಸಂಗತಿ ಆಮೇಲೆ ಹೊರಬಂತು. ಆದರೂ ಎರಡೂ ಪಕ್ಷಗಳು ಸೇರಿ ಅವರನ್ನೇ ನಿಲ್ಲಿಸಿದವು. ಏಪ್ರಿಲ್ 26ರ ಮತದಾನಕ್ಕೆ ಮುನ್ನ ಜಿಲ್ಲೆಯಲ್ಲಿ ಪೆನ್ ಡ್ರೈವ್‌ಗಳು ಹರಿದಾಡಿದವು. ಪ್ರಜ್ವಲ್ 42,649 ಮತಗಳಿಂದ ಸೋತರು. ಗೆದ್ದ ಶ್ರೇಯಸ್ ಪಟೇಲ್ 1999ರಲ್ಲಿ ದೇವೇಗೌಡರನ್ನು ಸೋಲಿಸಿದ್ದ ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ. ಇಲ್ಲೂ ಅಜ್ಜನ ಹೆಸರೇ! 2025ರ ಆಗಸ್ಟಿನಲ್ಲಿ ವಿಶೇಷ ನ್ಯಾಯಾಲಯ ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು.

ಇದನ್ನು ನೈತಿಕತೆಯ ಗೆಲುವು ಎಂದು ಕೊಂಡಾಡಲು ನಮಗೆ ಮನಸ್ಸಿಲ್ಲ. ಆ ದಿನಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರು ಯಾರು? ಆ ದೃಶ್ಯಗಳಲ್ಲಿದ್ದ ಹೆಣ್ಣುಮಕ್ಕಳು. ಮುಖವನ್ನೂ ಮರೆಮಾಡದೆ ಆ ಪೆನ್ ಡ್ರೈವ್‌ಗಳನ್ನು ಹಂಚಿದವರಿಗೆ ಓಟು ಬೇಕಿತ್ತು, ಆ ಹೆಂಗಸರ ಮಾನ ಬೇಕಿರಲಿಲ್ಲ. ನೋಡಿದವರು ನೋಡಿ ಇನ್ನೊಬ್ಬರಿಗೆ ಕಳಿಸಿದರು. ‘ಅವಳ್ಯಾಕೆ ಹೋಗಿದ್ದಳು’ ಎಂದು ಕೇಳಿದ್ದೂ ಅದೇ ಊರುಗಳ ಜಗಲಿಗಳಲ್ಲೇ. ಸೆರಗು ಜಾರಿದರೆ, ಹೊತ್ತು ಮೀರಿ ಮನೆಗೆ ಬಂದರೆ ಊರೆಲ್ಲ ಹಿಡಿದು ಕೇಳುವ ನಮ್ಮ ಮರ್ಯಾದಸ್ಥ ಸಮಾಜ ಟಿಕೆಟ್ ಕೊಡುವ ದಿನ ಅಭ್ಯರ್ಥಿಯನ್ನು ಏನೂ ಕೇಳಲಿಲ್ಲ. ಸಂಪ್ರದಾಯದ ಭಾರವೆಲ್ಲ ಹೆಣ್ಣಿನ ತಲೆಗೆ, ಗೆಲ್ಲುವ ಕುದುರೆಗೆ ಹುಲ್ಲುಗಾವಲು.

ಮುಸ್ಲಿಮರ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಕಟುವಾದುದು. ದೇವೇಗೌಡರ ಸರ್ಕಾರ ಶೇ. 4ರ ಮೀಸಲಾತಿ ಕೊಟ್ಟದ್ದನ್ನು ಈ ಭಾಗದ ಮುಸ್ಲಿಮರು ಮರೆತವರಲ್ಲ. 2023ರ ಸೆಪ್ಟೆಂಬರಿನಲ್ಲಿ ಗೆಲುವಿಗಾಗಿ ಬಿಜೆಪಿ ಜೊತೆ ಮೈತ್ರಿಯಾಯಿತು. ಅದನ್ನು ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅಕ್ಟೋಬರಿನಲ್ಲಿ ಹುದ್ದೆ ಕಳೆದುಕೊಂಡರು. 2023ರಲ್ಲಿ ಬಿಜೆಪಿ 224 ಕ್ಷೇತ್ರಗಳಲ್ಲಿ ಒಬ್ಬ ಮುಸ್ಲಿಮನನ್ನೂ ನಿಲ್ಲಿಸಿರಲಿಲ್ಲ. 2024ರ ಲೋಕಸಭೆಗೆ ಕಾಂಗ್ರೆಸ್ 28ರಲ್ಲಿ ಒಬ್ಬರನ್ನು ನಿಲ್ಲಿಸಿತು. 2004ರಲ್ಲಿ ಗುಲ್ಬರ್ಗದಿಂದ ಇಕ್ಬಾಲ್ ಅಹ್ಮದ್ ಸರಡಗಿ ಗೆದ್ದ ಮೇಲೆ ಆ 2024ರ ಚುನಾವಣೆಯವರೆಗೆ ಕರ್ನಾಟಕದಿಂದ ಮುಸ್ಲಿಮರೊಬ್ಬರು ಲೋಕಸಭೆಗೆ ಆರಿಸಿ ಹೋಗಲಿಲ್ಲ. ಬೇರೆಯವರನ್ನಷ್ಟೇ ದೂರಿ ಕೈ ತೊಳೆದುಕೊಳ್ಳುವಂತಿಲ್ಲ. ‘ನಮ್ಮವನು ನಿಂತರೆ ಓಟು ಒಡೆಯುತ್ತದೆ, ಸುಮ್ಮನಿರೋಣ’ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲೇ ಹುಟ್ಟುತ್ತದೆ. ಇನ್ನು ನಮ್ಮ ಹೆಣ್ಣುಮಕ್ಕಳ ಹೆಸರು ಎತ್ತಿದರೆ ಜಮಾಅತಿನ ಹಿರಿಯರು ಪಕ್ಷದ ಹಿರಿಯರಿಗಿಂತ ಮೊದಲು ತಲೆಯಲ್ಲಾಡಿಸುತ್ತಾರೆ. ಕಲಬುರಗಿ ಉತ್ತರದಲ್ಲಿ ಕನೀಜ್ ಫಾತಿಮಾ ಹಿಜಾಬ್ ಧರಿಸಿಯೇ 2018ರಲ್ಲೂ, ಹಿಜಾಬ್ ಗಲಾಟೆಯ ಮರುವರ್ಷ 2023ರಲ್ಲೂ ಗೆದ್ದರು. ಆದರೆ ಅವರಿಗೂ ಬಾಗಿಲು ತೆರೆದದ್ದು ಪತಿ ಖಮರುಲ್ ಇಸ್ಲಾಂ ತೀರಿಕೊಂಡ ಮೇಲೆ.

2023ರ ವಿಧಾನಸಭೆಗೆ ಆರಿಸಿಬಂದ ಮಹಿಳೆಯರು ಹತ್ತೇ ಮಂದಿ. ಗೆಲ್ಲುವ ಹೆಣ್ಣುಮಕ್ಕಳು ಸಿಗುವುದಿಲ್ಲ ಎಂಬುದು ಎಲ್ಲ ಪಕ್ಷಗಳ ಉತ್ತರ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಅವರಿಗೆ ಮೀಸಲು. ಅಲ್ಲಿ ಯಾವ ಪಕ್ಷವೂ ಹಾಗೆನ್ನಲಿಲ್ಲ. ಅನ್ನುವ ಹಾಗಿರಲಿಲ್ಲ, ಹುಡುಕಲೇಬೇಕಿತ್ತು. ಹುಡುಕಿದಾಗ ಹೋಬಳಿ ಹೋಬಳಿಯಲ್ಲೂ ಸಿಕ್ಕರು. ಆ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅವುಗಳಿಗೆ ಚುನಾವಣೆಯೇ ನಡೆಯಲಿಲ್ಲ.