ಗಂಡನಿಗೆ ಟೆನ್ಷನ್, ಹೆಂಡತಿಗೆ ಸಬರ್: ‘ಗಾಭ್ರೀಚಾ ಪಾವೂಸ್’ ಚಿತ್ರದ ಬಗ್ಗೆ

ರೈತರ ಸಂಕಟ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಗಂಡಸು. ಬಿರುಕು ಬಿಟ್ಟ ನೆಲ, ತಲೆ ಮೇಲೆ ಕೈ, ಆಕಾಶದ ಕಡೆ ನೋಟ. 2010ರ ‘ಪೀಪ್ಲಿ ಲೈವ್’ ಚಿತ್ರದಲ್ಲೂ ಟಿವಿ ಕ್ಯಾಮೆರಾಗಳೆಲ್ಲ ನತ್ಥಾನ ಹಿಂದೆಯೇ. ಅದಕ್ಕೂ ಒಂದು ವರ್ಷ ಮೊದಲು ಬಂದ ಮರಾಠಿ ಚಿತ್ರ ‘ಗಾಭ್ರೀಚಾ ಪಾವೂಸ್’ ಬೇರೆ ದಾರಿ ಹಿಡಿಯಿತು. ಸತೀಶ್ ಮನ್ವರ್ ನಿರ್ದೇಶನದ ಈ ಚಿತ್ರವನ್ನು ಪುಣೆಯಲ್ಲಿ ಪಾಠ ಮಾಡುವ ನಾನು ಮತ್ತೆ ಮತ್ತೆ ನೋಡಿದ್ದೇನೆ. ನೀವೂ ಒಮ್ಮೆ ನೋಡಿ.

ಕಥೆ ಸರಳ. ವಿದರ್ಭದ ಹತ್ತಿ ಬೆಳೆಗಾರ ಕಿಸ್ನಾ (ಗಿರೀಶ್ ಕುಲಕರ್ಣಿ). ಊರಿನ ರೈತನೊಬ್ಬ ಆತ್ಮಹತ್ಯೆ ಮಾಡಿಕೊಂಡ ಮೇಲೆ ಕಿಸ್ನಾನ ಹೆಂಡತಿ ಅಲ್ಕಾಗೆ (ಸೋನಾಲಿ ಕುಲಕರ್ಣಿ) ಭಯ ಹತ್ತುತ್ತದೆ: ನನ್ನ ಗಂಡನೂ ಹಾಗೇ ಮಾಡಿಕೊಂಡರೆ? ಅವನನ್ನು ಒಂಟಿಯಾಗಿ ಬಿಡಬಾರದು ಅಂತ ಮಗನನ್ನು ಹಿಂದೆ ಕಳಿಸ್ತಾಳೆ, ಮನೆಯವರೆಲ್ಲ ಕಣ್ಣಿಡುತ್ತಾರೆ, ಅವನ ಮನಸ್ಸು ಖುಷಿಯಾಗಿರಲಿ ಅಂತ ರುಚಿಯಾಗಿ ಅಡುಗೆ ಮಾಡ್ತಾಳೆ. ಕಿಸ್ನಾನ ತಲೆಯಲ್ಲಿ ಇರುವುದು ಬೀಜ, ಮಳೆ, ಸಾಲ. ಇವರೆಲ್ಲ ಯಾಕೆ ಹೀಗೆ ಆಡ್ತಿದ್ದಾರೆ ಅಂತ ಅವನಿಗೆ ಅರ್ಥವಾಗುವುದಿಲ್ಲ. ನಗು ಬರುತ್ತದೆ, ನಗುತ್ತಲೇ ಎದೆ ಭಾರವಾಗುತ್ತದೆ.

ಚಿತ್ರದ ಗೆಲುವು ಇಲ್ಲೇ ಇದೆ. ಗಂಡಸಿನ ಒತ್ತಡ ಮತ್ತು ಹೆಂಗಸಿನ ಒತ್ತಡ ಒಂದೇ ಸೂರಿನಡಿ ಇದ್ದರೂ ಒಂದೇ ಅಲ್ಲ ಅಂತ ಅದು ತೋರಿಸುತ್ತದೆ. ಸಾಲ ಅವನ ಹೆಸರಲ್ಲಿ, ಹೊಲ ಅವನ ಹೆಸರಲ್ಲಿ. ಸೋತರೆ ಮರ್ಯಾದೆ ಹೋಗುವುದೂ ಅವನದೇ. ಅದಕ್ಕೇ ಅವನು ಬಾಯಿ ಬಿಡುವುದಿಲ್ಲ. ಗಂಡಸು ಅತ್ತರೆ ಏನು ಚೆಂದ ಅಂತ ಕಲಿಸಿದವರು ನಾವೇ ತಾನೆ? ಅವಳು ಮಾತ್ರ ಸುಮ್ಮನೆ ಕೂರುವ ಹಾಗಿಲ್ಲ. ಹೊಲದ ಕೆಲಸ, ನೀರು, ಒಲೆ, ಮಗು, ಇಷ್ಟರ ಮೇಲೆ ಗಂಡನ ಕಾವಲು.

ಆದರೆ ನನ್ನದೊಂದು ತಕರಾರಿದೆ. ಅಲ್ಕಾಳನ್ನು ಕಾಯುವವರು ಯಾರು? ಅವಳ ಭಯವೆಲ್ಲ ಗಂಡನ ಸುತ್ತಲೇ ಸುತ್ತುತ್ತದೆ. ಬೆಳೆ ಹೋದರೆ ಅವಳಿಗೂ, ಒಬ್ಬ ರೈತಳಾಗಿ, ಏನಾಗುತ್ತದೆ ಅನ್ನುವುದನ್ನು ಚಿತ್ರ ಆಳವಾಗಿ ಕೇಳುವುದಿಲ್ಲ.

ಸರ್ಕಾರದ ಲೆಕ್ಕವೂ ಕೇಳುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು 5,207. ಅವರಲ್ಲಿ ಗಂಡಸರು 4,999, ಹೆಂಗಸರು 208. ಹಾಗಾದರೆ ರೈತ ಮಹಿಳೆಯರು ನೆಮ್ಮದಿಯಾಗಿದ್ದಾರಾ? ಅದೇ ವರದಿಯಲ್ಲಿ ‘ಗೃಹಿಣಿ’ ಎಂಬ ಇನ್ನೊಂದು ಸಾಲಿದೆ: 25,309. ಇವರಲ್ಲಿ ಹೊಲದಲ್ಲಿ ದುಡಿದವರೆಷ್ಟು ಅಂತ ಪಟ್ಟಿ ಹೇಳುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು ರೈತರ ಲೆಕ್ಕಕ್ಕೇ ಬರುವುದಿಲ್ಲ ಅಂತ ಪತ್ರಕರ್ತ ಪಿ. ಸಾಯಿನಾಥ್ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ.

ನಮ್ಮ ಮಾತಲ್ಲೂ ಇದೇ ಲೆಕ್ಕ. ಗಂಡಸು ಮಂಕಾಗಿ ಕೂತರೆ ‘ಅವರಿಗೆ ಟೆನ್ಷನ್’ ಅಂತೀವಿ. ಹೆಂಗಸು ಮಂಕಾದರೆ ‘ಸಬರ್ ಕರೋ’ ಅಂತೀವಿ. ಸಬರ್ ದೊಡ್ಡ ಗುಣ, ಒಪ್ಪೋಣ. ಆದರೆ ಅದು ಗಂಡಿಗೂ ಹೆಣ್ಣಿಗೂ ಹೇಳಿದ್ದು. ಬರೀ ಹೆಣ್ಣಿನ ಬಾಯಿ ಮುಚ್ಚಿಸಲಿಕ್ಕೆ ಅಲ್ಲ. ಇನ್ನು ‘ರೈತ’ ಅನ್ನುವ ಪದ ನೋಡಿ. ಅರಬಿಯ ‘ರಯ್ಯತ್’ನಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಕಾಪಾಡಬೇಕಾದ ಮಂದೆ, ಅಂದರೆ ಜನ. ಅದರಲ್ಲಿ ಹೆಣ್ಣೂ ಇದ್ದಾಳೆ.

ಪುಣೆ ಜಿಲ್ಲೆಯ ಆಂಬೇಠಾಣದಲ್ಲಿ ನೆಲೆಸಿದ್ದ ಶೇತ್ಕರಿ ಸಂಘಟನೆಯ ನಾಯಕ ಶರದ್ ಜೋಶಿಯವರಿಗೆ ಈ ಗಂಟು ಎಲ್ಲಿದೆ ಅಂತ ಗೊತ್ತಿತ್ತು. 1986ರಲ್ಲಿ ಚಾಂದ್‌ವಡ್‌ನಲ್ಲಿ ರೈತ ಮಹಿಳೆಯರ ದೊಡ್ಡ ಸಮಾವೇಶ ನಡೆಯಿತು. ಆಮೇಲೆ ಬಂದದ್ದು ‘ಲಕ್ಷ್ಮೀ ಮುಕ್ತಿ’ ಚಳವಳಿ: ಗಂಡಸರೇ ತಮ್ಮ ಜಮೀನಿನ ಒಂದು ಪಾಲನ್ನು ಹೆಂಡತಿ ಹೆಸರಿಗೆ ಮಾಡಿಕೊಡಬೇಕು.

ನಮ್ಮ ಮನೆಗಳ ಮಾತಿಗೂ ಬರೋಣ. ಕುರ್‌ಆನಿನ ನಿಸಾ ಅಧ್ಯಾಯದಲ್ಲಿ ಹೆಣ್ಣಿಗೆ ಪಾಲು ನಿಗದಿಯಾಗಿದೆ. ಆದರೆ 1937ರ ಷರೀಯತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟು ಬರೆಯಲ್ಪಟ್ಟಿತು. ಕಾಯ್ದೆ ಬಿಟ್ಟ ಜಾಗವನ್ನು ರೂಢಿ ತುಂಬಿತು. ‘ತಂಗಿ ಕೇಳಲೇ ಇಲ್ಲ’ ಅಂತ ಅಣ್ಣಂದಿರು ಹೇಳುವುದನ್ನು ನೀವೂ ಕೇಳಿರ್ತೀರಿ. ಕೇಳಲಿಲ್ಲ ಯಾಕೆ? ಸಬರ್ ಅಂತ ಕಲಿಸಿದ್ದಕ್ಕೆ.

ಹೆಸರು ಪಹಣಿಗೆ ಬಂದರೆ ಒತ್ತಡ ಮಾಯವಾಗುತ್ತದೆ ಅಂತಲ್ಲ. ಸಾಲ ಕೇಳುವಾಗ, ಪರಿಹಾರ ಕೇಳುವಾಗ, ಮನೆಯಲ್ಲಿ ಏನು ಬಿತ್ತಬೇಕು ಅಂತ ಮಾತಾಡುವಾಗ ಅವಳಿಗೂ ಒಂದು ಬಾಯಿ ಬರುತ್ತದೆ. ಅವನಿಗೂ ಭಾರ ಹಂಚಿಕೊಳ್ಳಲು ಒಬ್ಬ ಜೊತೆಗಾರ್ತಿ ಸಿಗುತ್ತಾಳೆ. ಮಾತು ಮನೆಯೊಳಗೆ ಆಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಗಂಡಸರೂ ಮಾಡಬಹುದು, ಮಾಡಲೇಬೇಕು.

‘ಗಾಭ್ರೀಚಾ ಪಾವೂಸ್’ ನೋಡುವಾಗ ನೀವು ಕಿಸ್ನಾನ ಬಗ್ಗೆ ಖಂಡಿತ ಚಿಂತೆ ಮಾಡ್ತೀರಿ. ಎರಡನೇ ಸಲ ನೋಡಿ, ಅಲ್ಕಾಳ ಮುಖವನ್ನಷ್ಟೇ ಗಮನಿಸಿ. ಆಮೇಲೆ ನಿಮ್ಮ ಮನೆಯ ಜಮೀನಿನ ಪಹಣಿ ತೆಗೆದು ಯಾರ ಯಾರ ಹೆಸರಿದೆ ಅಂತ ಓದಿ.