ಪಶುರೋಗಶಾಸ್ತ್ರ ಬೋಧನೆ: ಒಂದು ವಿಮರ್ಶೆ

ಸ್ವಯಂಸೇವಕ ತಜ್ಞರ ಶ್ರಮದಿಂದ ದೇಶದೇಶಗಳಲ್ಲಿ ಪಶುರೋಗಶಾಸ್ತ್ರವನ್ನು ಕಲಿಸುತ್ತಿರುವ, ಅಮೆರಿಕದ ಡೇವಿಸ್-ಥಾಂಪ್ಸನ್ ಪ್ರತಿಷ್ಠಾನದ ಬೋಧನಾಕ್ರಮದಲ್ಲಿ ನಮಗೆ ಮೆಚ್ಚಿಕೆಯಾಗುವುದು ಅದರ ಸಂಯಮ. ರೋಗದ ಹೆಸರನ್ನು ಹೇಳುವ ಮೊದಲು ಅಂಗದ ಬಣ್ಣ, ಗಾತ್ರ, ಆಕಾರ, ಗಟ್ಟಿತನಗಳನ್ನು ವಿದ್ಯಾರ್ಥಿಯು ವರ್ಣಿಸಬೇಕು. ನಮ್ಮ ಸಾಹಿತ್ಯವಿಮರ್ಶಕರಿಗೂ ಈ ಶಿಸ್ತು ಬೇಕಾದುದೇ!

ಆದರೆ ಚಿತ್ರಪಾಠವು ಕೊಯ್ದು ತೆರೆದ ದೇಹದಿಂದ ಆರಂಭವಾಗುವುದು ಸಹಜ. ಮುಳಬಾಗಿಲಿನಲ್ಲಿಯೋ ಶ್ರೀನಿವಾಸಪುರದಲ್ಲಿಯೋ ಹಸುವೊಂದು ಹಠಾತ್ತನೆ ಸತ್ತು, ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರಿತೆನ್ನೋಣ. ನೆರಡಿಯ ಶಂಕೆಯಿದ್ದಲ್ಲಿ ಆ ಹೆಣವನ್ನು ಕೊಯ್ಯಲಾಗದು. ಗಾಳಿ ತಾಗಿದರೆ ರೋಗಾಣುಗಳು ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಳವರೆಗೆ ಉಳಿಯುತ್ತವೆ. ಕಿವಿಯ ರಕ್ತನಾಳದಿಂದ ತೆಗೆದ ತೊಟ್ಟು ರಕ್ತದ ಲೇಪವೇ ಅಲ್ಲಿ ಪರೀಕ್ಷೆಗೆ ಆಧಾರ. ಊದಿದ ಗುಲ್ಮದ ಚಿತ್ರವನ್ನು ಸೊಗಸಾಗಿ ವರ್ಣಿಸಬಲ್ಲ ತರುಣನು ನಾಳೆ ಕೋಲಾರ, ಮಾಲೂರುಗಳ ಕೊಟ್ಟಿಗೆಗಳಿಗೆ ಹೋಗತಕ್ಕವನು. ಕತ್ತಿಯನ್ನು ಯಾವಾಗ ಎತ್ತಬಾರದೆಂಬ ಪಾಠವನ್ನು ಇಲ್ಲಿಯ ಅಧ್ಯಾಪಕರು ಚಿತ್ರಪಾಠಕ್ಕೆ ಮೊದಲೇ ಇರಿಸಬೇಕೆಂದು ನಮ್ಮ ಅಪೇಕ್ಷೆ.